ತಾಮ್ರದ ಬೆಟ್ಟ ಹುಟ್ಟಿದ ಬಗೆ

ಬಾಲಮಿತ್ರರೇ, ತರಗತಿಯಲ್ಲಿ ಸ್ವಿಚ್ಚನ್ನು ಒತ್ತಿದೊಡನೆ ದೀಪ ಬೆಳಗುತ್ತದೆ. ಅದಕ್ಕೆ ವಿದ್ಯುತ್ತನ್ನು ತಂದೀಯುವುದು ತಾಮ್ರದ ತಂತಿ. ಜಗತ್ತಿನ ಗಣಿಗಳಲ್ಲಿ ದೊರೆಯುವ ತಾಮ್ರದ ಅರ್ಧಕ್ಕಿಂತ ಹೆಚ್ಚು ಪಾಲು ‘ಪಾರ್ಫಿರಿ’ ಎಂಬ ಶಿಲೆಗೆ ಸಂಬಂಧಿಸಿದ ನಿಕ್ಷೇಪಗಳದು. ಅವುಗಳಲ್ಲಿ ಹೆಸರಾದುದು ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿರುವ ಚುಕಿಕಮಾಟಾ. ಅಲ್ಲಿ ತಾಮ್ರ ಸೇರಿದುದು ಹೇಗೆಂಬುದನ್ನು ನೋಡೋಣ.

ಚಿಲಿಯ ಪಶ್ಚಿಮಕ್ಕೆ ಶಾಂತಸಾಗರವಿದೆ. ಅದರ ತಳದ ಭೂಫಲಕವು ಕೋಟ್ಯಂತರ ವರ್ಷಗಳಿಂದ ಖಂಡದ ಅಡಿಗೆ ನುಸುಳುತ್ತಿದೆ. ಅದರೊಡನೆ ಇಳಿದ ನೀರು ಆಳದ ಬಿಸಿ ಶಿಲೆಯನ್ನು ಸೇರಲು, ಆ ಶಿಲೆಯು ಸುಲಭವಾಗಿ ಕರಗಿ ಶಿಲಾರಸವಾಗಿ ಮೇಲೇರುತ್ತದೆ. ಸಕ್ಕರೆಯ ಪಾಕ ನಿಧಾನವಾಗಿ ಆರಿದರೆ ಕಲ್ಲುಸಕ್ಕರೆಯ ದೊಡ್ಡ ಹರಳುಗಳು ಮೂಡುವುವಷ್ಟೆ. ಅಂತೆಯೇ ಆಳದಲ್ಲಿ ಮೆಲ್ಲನೆ ತಣಿಯುವ ಶಿಲಾರಸದಲ್ಲಿಯೂ ಹರಳುಗಳು ಬೆಳೆಯುತ್ತವೆ. ಉಳಿದ ರಸವು ನೆಲಕ್ಕೆ ಕೆಲವೇ ಕಿಲೋಮೀಟರು ಕೆಳಗಿನವರೆಗೆ ಏರಿ, ಬೇಗನೆ ತಣಿದು ನುಣುಪು ಕಲ್ಲಾಗುತ್ತದೆ. ನುಣುಪು ಕಲ್ಲಿನಲ್ಲಿ ದೊಡ್ಡ ಹರಳುಗಳು ಹುದುಗಿರುವ ಇಂಥ ಶಿಲೆಯೇ ಪಾರ್ಫಿರಿ.

ಶಿಲಾರಸವು ಗಟ್ಟಿಯಾದಂತೆ ಅದರೊಳಗಿನ ನೀರಿಗೆ ಎಡೆ ಸಾಲದಾಗುತ್ತದೆ. ಮುಚ್ಚಳ ತೆಗೆದ ಸೋಡಾ ಸೀಸೆಯ ಗಾಳಿಯಂತೆ ಅದು ಹೊರಹೊಮ್ಮಿ, ಸುತ್ತಲಿನ ಬಂಡೆಯಲ್ಲಿ ಬಿರುಕುಗಳ ಬಲೆಯನ್ನೇ ನೇಯುತ್ತದೆ. ಉಪ್ಪು ಬೆರೆತ ಆ ಬಿಸಿನೀರು ತಾಮ್ರವನ್ನೂ ಗಂಧಕವನ್ನೂ ಹೊತ್ತಿರುತ್ತದೆ. ಉಷ್ಣತೆಯು 400 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಇಳಿದಾಗ, ಇವೆರಡೂ ಕೂಡಿ ಖನಿಜವಾಗಿ ಬಿರುಕುಗಳಲ್ಲಿ ನೆಲೆಗೊಳ್ಳುತ್ತವೆ. ಚುಕಿಕಮಾಟಾದಲ್ಲಿ ಇದು ನಡೆದುದು 3 ಕೋಟಿ ವರ್ಷಗಳಿಗೂ ಹಿಂದೆ. ಬಳಿಕ ಮೇಲಿನ ನೆಲ ಸವೆದು, ನಿಕ್ಷೇಪವು ಮನುಷ್ಯನ ಕೈಗೆ ಎಟುಕಿತು.

ಹೀಗೆ ಹರಡಿದ ತಾಮ್ರ ಬಲು ವಿರಳ. ಇಂದು ಇಂಥ ಗಣಿಗಳ ಅದುರಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲೂ ತಾಮ್ರವಿರುವುದಿಲ್ಲ. ಎಂದರೆ 10 ಕಿಲೋಗ್ರಾಂ ತಾಮ್ರಕ್ಕಾಗಿ ಒಂದು ಟನ್ನಿಗೂ ಹೆಚ್ಚು ಕಲ್ಲನ್ನು ಒಡೆದು ಪುಡಿಮಾಡಬೇಕು. 1915ರಿಂದ ಅಗೆಯುತ್ತ ಬಂದ ಚುಕಿಕಮಾಟಾದ ತೆರೆದ ಗಣಿಯು ನಾಲ್ಕು ಕಿಲೋಮೀಟರಿಗೂ ಮಿಕ್ಕಿ ಉದ್ದವಾಗಿದೆ. ಆಳ ಸುಮಾರು ಒಂದು ಕಿಲೋಮೀಟರು. 2019ರಲ್ಲಿ ಅದರಡಿಯಲ್ಲಿ ಸುರಂಗದ ಗಣಿಯೂ ಆರಂಭವಾಯಿತು. ಗಣಿಯ ಮಗ್ಗುಲಲ್ಲಿದ್ದ ಕಾರ್ಮಿಕರ ಊರನ್ನು 2008ರ ಹೊತ್ತಿಗೆ ಬರಿದುಮಾಡಿ, ಜನರನ್ನು ಕಲಾಮಾ ನಗರಕ್ಕೆ ಸಾಗಿಸಿದರು. ಅಲ್ಲಿನ ಮಕ್ಕಳು ಹುಟ್ಟಿದ ಆಸ್ಪತ್ರೆಯೇ ಇಂದು ಗಣಿಯ ಕಲ್ಲುರಾಶಿಯಡಿ ಹೂತುಹೋಗಿದೆ.

ಮಿತ್ರರೇ, ಪ್ರಕೃತಿಯು ಯುಗಯುಗಗಳಲ್ಲಿ ಕೂಡಿಟ್ಟುದನ್ನು ನಾವು ಒಂದು ಶತಮಾನದಲ್ಲಿ ತೋಡುತ್ತಿದ್ದೇವೆ. ತಾಮ್ರಕ್ಕೆ ಒಂದು ಹಿರಿಯ ಗುಣವುಂಟು. ಅದನ್ನು ಎಷ್ಟು ಸಲ ಕರಗಿಸಿದರೂ ಮತ್ತೆ ಬಳಸಬಹುದು. ಹಳೆಯ ತಂತಿಯ ತುಂಡೊಂದನ್ನು ಕಸಕ್ಕೆ ಎಸೆಯುವ ಮುನ್ನ, ಅದಕ್ಕಾಗಿ ಒಡೆದ ಬೆಟ್ಟವನ್ನೂ ಬರಿದಾದ ಊರನ್ನೂ ನೆನೆಯಿರಿ.