ಓಡಿಸುವವನ ಮೈಯರಿವು: ಕಂಬಳದ ಕರೆಯಿಂದ ಒಂದು ಪಾಠ

ಪ್ರಾಣಿಯನ್ನು ನಡೆಸುವ ವಿದ್ಯೆಯಲ್ಲಿ ಎರಡು ಅರಿವುಗಳು ಕೂಡಿವೆ. ಪ್ರಾಣಿಯ ಸ್ವಭಾವವನ್ನು ಬಲ್ಲುದು ಒಂದು; ನಡೆಸುವವನು ತನ್ನ ಮೈಯನ್ನು ತಾನು ಬಲ್ಲುದು ಇನ್ನೊಂದು. ಮೊದಲನೆಯದಕ್ಕೆ ಪ್ರಾಚೀನ ಗ್ರಂಥಗಳ ಆಧಾರ ಉಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಸವಾರಿ ವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. ಎರಡನೆಯದಾದರೋ ಬಹುಮಟ್ಟಿಗೆ ಗ್ರಂಥಸ್ಥವಾಗದೆ, ಹಿರಿಯರಿಂದ ಕಿರಿಯರಿಗೆ ಕಂಡು ಕೇಳಿ ಬಂದ ವಿದ್ಯೆ. ಅದನ್ನು ಇಂದಿಗೂ ಪ್ರತ್ಯಕ್ಷವಾಗಿ ಕಾಣಬಯಸುವವರು ತುಳುನಾಡಿನ ಕಂಬಳದ ಕರೆಯ ಬದಿಯಲ್ಲಿ ನಿಂತು ನೋಡಬೇಕು.

ಏಣೆಲು ಬೆಳೆಯ ಕೊಯ್ಲು ಮುಗಿದ ಮೇಲೆ ಕರಾವಳಿಯಲ್ಲಿ ಕಂಬಳಗಳು ಮೊದಲಾಗುತ್ತವೆ. ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯ ವೀರ-ವಿಕ್ರಮ, ಬೆಳ್ತಂಗಡಿ ತಾಲೂಕಿನ ವೇಣೂರು-ಪೆರ್ಮುಡದ ಸೂರ್ಯ-ಚಂದ್ರ, ಮೂಡುಬಿದಿರೆಯ ಕೋಟಿ-ಚೆನ್ನಯ, ಈ ಮೂರೂ ಜೋಡುಕರೆ ಕಂಬಳಗಳು ಜನಪ್ರಸಿದ್ಧವಾದವು. ಕರೆಯೆಂದರೆ ಕೆಸರು ನೀರು ತುಂಬಿದ ಓಟದ ಹಾದಿ. ಅಕ್ಕಪಕ್ಕದಲ್ಲಿ ಎರಡು ಕರೆಗಳಿರುವುದರಿಂದ ಜೋಡುಕರೆಯೆಂಬ ಹೆಸರು.

ಓಟದ ವಿಭಾಗಗಳು ಮುಖ್ಯವಾಗಿ ನಾಲ್ಕು: ನೇಗಿಲು, ಹಗ್ಗ, ಅಡ್ಡ ಹಲಗೆ ಮತ್ತು ಕನೆ ಹಲಗೆ. ನೇಗಿಲು, ಹಗ್ಗಗಳಲ್ಲಿ ಓಡಿಸುವವನು ಕೋಣಗಳ ಹಿಂದೆ ತಾನೂ ಓಡುತ್ತಾನೆ. ಹಲಗೆಯ ವಿಭಾಗಗಳಲ್ಲಿ ಕೋಣಗಳು ಎಳೆಯುವ ಹಲಗೆಯ ಮೇಲೆ ನಿಂತು ಸಾಗುತ್ತಾನೆ. ಕನೆ ಹಲಗೆಯಲ್ಲಿ ವೇಗಕ್ಕಿಂತ ನೀರಿನ ಚಿಮ್ಮುವಿಕೆ ಮುಖ್ಯ. ಹಲಗೆಯ ರಂಧ್ರಗಳಿಂದ ಮೇಲೇಳುವ ನೀರು ಆರೂವರೆ ಇಲ್ಲವೆ ಏಳೂವರೆ ಕೋಲು ಎತ್ತರದ ನಿಶಾನೆಯನ್ನು ಮುಟ್ಟಬೇಕು. ಓಡಿಸುವವನ ಭಾರವು ಹಲಗೆಯ ಮೇಲೆ ಸಮನಾಗಿ ಬಿದ್ದರೆ ನೀರು ನೆಟ್ಟಗೆ ಏಳುವುದು. ಭಾರ ಒಂದು ಬದಿಗೆ ಜಾರಿದರೆ ಹಲಗೆ ವಾಲಿ ನೀರು ಅತ್ತಿತ್ತ ಚೆದುರುವುದು. ನಿಂತವನ ಮೈಯ ಓರೆಕೋರೆಯನ್ನು ನೀರೇ ಎಲ್ಲರಿಗೂ ತೋರಿಸಿಕೊಡುತ್ತದೆ.

ಇನ್ನು ಪ್ರಾಣಿಯ ಪಕ್ಷವನ್ನು ವಿಚಾರಿಸೋಣ. ಕೋಣದ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿವೆ. ಆದುದರಿಂದ ಅದಕ್ಕೆ ಎರಡೂ ಬದಿಗಳು ವಿಶಾಲವಾಗಿ ಕಾಣುತ್ತವೆ. ನೇರ ಹಿಂಬದಿ ಮಾತ್ರ ಕಾಣದು. ಓಡಿಸುವವನು ಇರುವುದು ಅಲ್ಲಿಯೇ. ಹೀಗಾಗಿ ಅವನ ಇಂಗಿತ ಕೋಣಕ್ಕೆ ತಿಳಿಯುವುದು ಹಗ್ಗದ ಬಿಗಿ-ಸಡಿಲಗಳಿಂದ, ಭಾರದ ಏರಿಳಿತದಿಂದ, ಕೂಗಿನಿಂದ ಮತ್ತು ಬೆತ್ತದಿಂದ. ಅವನು ಎಡವಿ ಹಿಂದಕ್ಕೆ ಜಗ್ಗಿದರೂ ಕೋಣವು ಅದನ್ನೊಂದು ಅಪ್ಪಣೆಯೆಂದೇ ಎಣಿಸುತ್ತದೆ. ಬೇಕೆಂದು ಕೊಟ್ಟ ಸಂಜ್ಞೆಯಾವುದು, ಅರಿಯದೆ ಆದ ತಪ್ಪು ಯಾವುದು ಎಂದು ವಿಂಗಡಿಸುವ ಬಗೆ ಅದಕ್ಕಿಲ್ಲ.

ಡ್ರೆಸಾಜ್ ಎಂಬ ಅಶ್ವಶಿಕ್ಷಣದ ಕಲೆಯೂ ಇದೇ ತತ್ತ್ವದ ಮೇಲೆ ನಿಂತಿದೆ. ಅಲ್ಲಿ ಸವಾರನ ಸಂಜ್ಞೆಗಳು ಮೂರು: ಆಸನದ ಭಾರ, ಕಾಲಿನ ಒತ್ತು, ಲಗಾಮಿನ ಹಿಡಿತ. ಸ್ಪರ್ಧೆಯಲ್ಲಿ ದನಿಯನ್ನು ಬಳಸುವುದು ದೋಷವೆನಿಸುತ್ತದೆ. ಮೈಮೇಲೆ ನೊಣ ಕುಳಿತರೂ ಚರ್ಮವನ್ನು ಅದುರಿಸುವ ಕುದುರೆಗೆ ಸವಾರನ ಸೊಂಟದ ಅಲ್ಪ ವಾಲಿಕೆಯೂ ತಿಳಿಯದಿರದು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ತಂಡವು ಈ ಕಲೆಯಲ್ಲಿ ಚಿನ್ನವನ್ನು ಗಳಿಸಿತು. 2021ರಲ್ಲಿ ಟೋಕಿಯೊದಲ್ಲಿ ನಡೆದ ಒಲಿಂಪಿಕ್ ಕೂಟದಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಅವರು ಭಾಗವಹಿಸಿದ ಸ್ಪರ್ಧೆಗೂ ಇದೇ ಮೊದಲ ಹಂತವಾಗಿತ್ತು.

ಮೈಯರಿವು ಎಂದರೇನು? ಕಣ್ಣು ಮುಚ್ಚಿದರೂ ಕೈ ಎಲ್ಲಿದೆ, ಭಾರ ಯಾವ ಕಾಲಿನ ಮೇಲಿದೆ ಎಂಬುದು ತಿಳಿದೇ ಇರುತ್ತದೆ. ಸ್ನಾಯುಗಳು, ಕೀಲುಗಳು ಮತ್ತು ಒಳಗಿವಿಯು ಮೆದುಳಿಗೆ ಮುಟ್ಟಿಸುವ ಸುದ್ದಿಯ ಫಲವಿದು. ಆದರೆ ಈ ಸುದ್ದಿಯನ್ನು ಅಭ್ಯಾಸವು ಕೆಡಿಸಬಲ್ಲುದು. ಬಹುಕಾಲ ಬಲಕ್ಕೆ ವಾಲಿ ಕುಳಿತವನಿಗೆ ವಾಲಿದ್ದೇ ನೇರವೆಂದು ತೋರುತ್ತದೆ. ನೆಟ್ಟಗೆ ಕೂರಿಸಿದರೆ ಎಡಕ್ಕೆ ಬಿದ್ದಂತೆನಿಸುತ್ತದೆ. ತನ್ನ ಓರೆಯನ್ನು ತಾನೇ ಕಂಡುಕೊಳ್ಳುವುದು ದುಸ್ಸಾಧ್ಯ. ಈ ವಿದ್ಯೆಗೆ ಹೊರಗೆ ನಿಂತು ನೋಡುವ ಗುರುವಿನ ಕಣ್ಣು ಅನಿವಾರ್ಯವಾಗುವುದು ಇದರಿಂದಲೇ.

16ನೆಯ ಶತಮಾನದಿಂದ ನಡೆದುಬಂದಿರುವ ವಿಯೆನ್ನಾ ನಗರದ ಸ್ಪ್ಯಾನಿಷ್ ಸವಾರಿ ಶಾಲೆಯಲ್ಲಿ ಹೊಸಬರಿಗೆ ಮೊದಲು ಲಗಾಮನ್ನೇ ಕೊಡುವುದಿಲ್ಲ. ರಿಕಾಪೂ ಇರುವುದಿಲ್ಲ. ಗುರುವು ಉದ್ದದ ಹಗ್ಗದಲ್ಲಿ ಕುದುರೆಯನ್ನು ಸುತ್ತು ತಿರುಗಿಸುತ್ತಿರುವಾಗ ಶಿಷ್ಯನು ತೂಕ ತಪ್ಪದೆ ಕೂರುವುದನ್ನು ತಿಂಗಳುಗಟ್ಟಲೆ ಕಲಿಯಬೇಕು. ತನ್ನ ಮೈ ಸ್ಥಿರವಾಗದವನ ಕೈಗೆ ಲಗಾಮು ಸಿಕ್ಕರೆ ಅವನು ತೂಕಕ್ಕಾಗಿ ಅದನ್ನೇ ಜಗ್ಗಿ ಕುದುರೆಯ ಬಾಯನ್ನು ನೋಯಿಸುವನೆಂಬುದು ಇಲ್ಲಿನ ಕಾರಣ.

ಈ ಕ್ರಮವನ್ನು ಕಂಬಳದ ಹೊಸಬರಿಗೂ ಹೊಂದಿಸಬಹುದು. ಮೊದಲು ನೆಲದ ಮೇಲೆ ಒಂಟಿಕಾಲಿನಲ್ಲಿ, ಬಳಿಕ ಕಣ್ಣು ಮುಚ್ಚಿ ನಿಲ್ಲುವ ಅಭ್ಯಾಸ. ಅನಂತರ ಕೋಣಗಳಿಲ್ಲದೆ ಕೆಸರಿನಲ್ಲಿ ಬರಿಗಾಲ ಓಟ. ಆಮೇಲೆ ಗೆಳೆಯರಿಬ್ಬರು ಎಳೆಯುವ ಹಗ್ಗವನ್ನು ಹಿಡಿದು ಓಡುವುದು: ಕೈ ಬಿಗಿದಿದೆಯೆ, ಹೆಗಲು ಏರಿದೆಯೆ, ಉಸಿರು ಕಟ್ಟಿದೆಯೆ ಎಂಬುದನ್ನು ಎಳೆಯುವವರೇ ಹೇಳಬಲ್ಲರು. ಕೋಣಗಳ ಸರದಿ ಕಟ್ಟಕಡೆಗೆ. ಕಾರ್ಕಳದ ಬಳಿಯ ಮಿಯಾರಿನಲ್ಲಿ 2011ರಲ್ಲಿ ಆರಂಭವಾದ ಕಂಬಳ ಅಕಾಡೆಮಿಯು ಈ ವಿದ್ಯೆಗೂ ಕ್ರಮಬದ್ಧವಾದ ಶಿಕ್ಷಣ ಸಾಧ್ಯವೆಂಬುದನ್ನು ತೋರಿಸಿಕೊಟ್ಟಿತು.

2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ಮೂಡುಬಿದಿರೆಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರೆಂದು ವರದಿಯಾಯಿತು. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ ಶೆಟ್ಟರು 143 ಮೀಟರನ್ನು 13.68 ಸೆಕೆಂಡುಗಳಲ್ಲಿ ಮುಗಿಸಿದರೆಂಬ ಸುದ್ದಿ ಬಂದಿತು. ಲೋಕವು ಇವರನ್ನು ಒಲಿಂಪಿಕ್ ಓಟಗಾರರೊಡನೆ ಹೋಲಿಸಿತು. ಆ ಹೋಲಿಕೆ ಸರಿಯಾದುದಲ್ಲ. ಇಲ್ಲಿ ಓಟಗಾರನನ್ನು ಕೋಣಗಳು ಎಳೆಯುತ್ತವೆ. ಆದರೆ ಆ ಎಳೆತಕ್ಕೆ ಸಿಕ್ಕಿಯೂ ಮುಗ್ಗರಿಸದೆ, ಜಗ್ಗದೆ ಮಂಜೊಟ್ಟಿಯವರೆಗೆ ಸಾಗುವುದು ಸಾಮಾನ್ಯವಾದ ಸಾಧನೆಯಲ್ಲ.

ಇದು ಕೇವಲ ಗೆಲುವಿನ ಪ್ರಶ್ನೆಯೂ ಅಲ್ಲ. 2014ರ ಮೇ 7ರಂದು ಜಲ್ಲಿಕಟ್ಟನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನ ಪರಿಣಾಮವು ಕಂಬಳಕ್ಕೂ ತಟ್ಟಿತು. ಕರ್ನಾಟಕವು ಬಳಿಕ ಕಾಯಿದೆಯನ್ನು ತಿದ್ದುಪಡಿ ಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪ್ರಾಣಿಗೆ ಅನವಶ್ಯಕವಾದ ನೋವಾಗಬಾರದೆಂಬುದು ಈ ಅನುಮತಿಯ ತಿರುಳು. ಮೈಯಿಂದ ಹೇಳಲು ಬಾರದವನೇ ಬೆತ್ತದಿಂದ ಹೇಳಹೊರಡುವನು. ಬೆತ್ತವನ್ನು ನ್ಯಾಯಾಲಯ ಕಸಿದುಕೊಳ್ಳಬಹುದು. ಮೈಯರಿವನ್ನು ಮಾತ್ರ ಯಾವ ಕಾನೂನೂ ಕೊಡಲಾರದು. ಅದನ್ನು ಕಲಿಸಬೇಕಾದವರು ಹಿರಿಯರು, ಕಲಿಯಬೇಕಾದವರು ತರುಣರು. ಕಂಬಳದ ಮುಂದಿನ ಬಾಳು ಈ ಕಲಿಕೆಯನ್ನು ನೆಚ್ಚಿಕೊಂಡಿದೆ.

ತರಗತಿಯನ್ನು ನಡೆಸುವ ಉಪಾಧ್ಯಾಯರಿಗೂ ಇಲ್ಲೊಂದು ಸೂಚನೆಯುಂಟು. ಶಿಷ್ಯನು ತಪ್ಪಿ ನಡೆದಾಗ ಬೆತ್ತದತ್ತ ಕೈಚಾಚುವ ಮುನ್ನ, ತಾನು ನಿಂತ ಹಲಗೆ ಯಾವ ಕಡೆಗೆ ವಾಲಿದೆಯೆಂದು ಒಮ್ಮೆ ನೋಡಿಕೊಳ್ಳುವುದು ಮೇಲು.