ಹಸುವಿನ ಲಸಿಕೆ ಮತ್ತು ವೈರಾಣುವಿನ ಲೆಕ್ಕ ತಪಾಸಣೆ

ಊರಿನಲ್ಲಿ ಅಣ್ಣತಮ್ಮಂದಿರ ಮನೆಯ ಕೊಟ್ಟಿಗೆ, ಇಲ್ಲಿ ಬೆಳಗಿನ ಹಾಲಿನ ಪ್ಯಾಕೆಟ್ಟು. ದೆಹಲಿ ಕನ್ನಡಿಗರಾದ ನಮ್ಮಲ್ಲಿ ಬಹುಮಂದಿಗೆ ಗೋಸಂಪತ್ತಿನೊಡನೆ ಉಳಿದಿರುವ ನಂಟು ಇಷ್ಟೇ. ಆದರೆ 2022ರಲ್ಲಿ ಚರ್ಮಗಂಟು ರೋಗವು ದೇಶವನ್ನು ವ್ಯಾಪಿಸಿದಾಗ ಆ ನಂಟಿನ ಬೆಲೆ ತಿಳಿಯಿತು. ನೈಋತ್ಯ ದೆಹಲಿಯ ನಜಫ್‌ಗಢದ ಸುತ್ತಲೂ ರೋಗ ಕಾಣಿಸಿಕೊಂಡಿತು. ದೇಶದಲ್ಲಿ ಆ ವರ್ಷ ಇದರಿಂದ ಸತ್ತ ರಾಸುಗಳ ಸಂಖ್ಯೆ ಒಂದು ಲಕ್ಷವನ್ನು ಮೀರಿತು. ಸಾಲ ಮಾಡಿ ಕೊಂಡ ಹಸು ಸತ್ತರೂ ಸಾಲದ ಕಂತು ಸಾಯುವುದಿಲ್ಲವೆಂಬುದನ್ನು ಬ್ಯಾಂಕಿನಲ್ಲಿ ಕೆಲಸ ಮಾಡುವವರೆಲ್ಲರೂ ಬಲ್ಲರು.

ಈ ರೋಗಕ್ಕೆ ನೇರವಾದ ಔಷಧವಿಲ್ಲ, ಲಸಿಕೆಯೇ ಆಸರೆ. ಆ ಲಸಿಕೆಯೊಳಗೆ ಇರುವುದೇನು, ಅದನ್ನು ಪರೀಕ್ಷಿಸುವ ಬಗೆ ಹೇಗೆ ಎಂಬುದನ್ನು ಸರಳವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ರೋಗದ ಪರಿಚಯ

ಚರ್ಮಗಂಟು ರೋಗದ ವೈರಾಣು ಕುರಿಸಿಡುಬು, ಮೇಕೆಸಿಡುಬುಗಳ ವೈರಾಣುಗಳಿಗೆ ದಾಯಾದಿ. ಜ್ವರ, ಮೈಮೇಲೆ ಗಂಟುಗಳು, ಹಾಲಿನ ಇಳಿತ ಇದರ ಮುಖ್ಯ ಲಕ್ಷಣಗಳು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಇದನ್ನು ಹರಡುತ್ತವೆ. ಮನುಷ್ಯರಿಗೆ ಇದು ತಗಲುವುದಿಲ್ಲ. ಭಾರತದಲ್ಲಿ ಇದು ಮೊದಲು ಕಾಣಿಸಿದ್ದು 2019ರಲ್ಲಿ, ಒಡಿಶಾದಲ್ಲಿ.

ಐವತ್ತು ಬಾರಿ ನಕಲು

ಅದೇ ವರ್ಷ ರಾಂಚಿಯ ರಾಸುಗಳಿಂದ ಪಡೆದ ವೈರಾಣುವನ್ನು ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಪ್ರಯೋಗಾಲಯದ ಜೀವಕೋಶಗಳಲ್ಲಿ ಒಂದರಿಂದ ಮತ್ತೊಂದಕ್ಕೆ ದಾಟಿಸುತ್ತಾ 50 ಬಾರಿ ಬೆಳೆಸಿದರು. ಹಳೆಯ ಲೆಡ್ಜರನ್ನು ಹೊಸ ಪುಸ್ತಕಕ್ಕೆ ಕೈಬರಹದಲ್ಲಿ ಮತ್ತೆ ಮತ್ತೆ ನಕಲಿಸಿದಂತೆ ಇದು. ಪ್ರತಿ ನಕಲಿನಲ್ಲೂ ಅಲ್ಲೊಂದು ಇಲ್ಲೊಂದು ಅಕ್ಷರ ಬಿಡುತ್ತದೆ. ಪ್ರಯೋಗಾಲಯದ ಜೀವಕೋಶಕ್ಕೆ ಒಗ್ಗಿದ ವೈರಾಣುವು ಹಸುವಿನಲ್ಲಿ ರೋಗವೆಬ್ಬಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ದೇಹಕ್ಕೆ ಶತ್ರುವಿನ ಗುರುತು ಕಲಿಸುವ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ಇಜ್ಜತ್‌ನಗರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಸಹಯೋಗದಿಂದ ಸಿದ್ಧವಾದ ಈ ಲಸಿಕೆಯನ್ನು 'ಲಂಪಿ-ಪ್ರೊವ್ಯಾಕ್‌ಇಂಡ್' ಎಂಬ ಹೆಸರಿನಲ್ಲಿ 2022ರ ಆಗಸ್ಟ್ 10ರಂದು ಬಿಡುಗಡೆ ಮಾಡಲಾಯಿತು.

ಅಕ್ಷರಶಃ ತಾಳೆ

ಜೀವಂತ ವೈರಾಣುವನ್ನು ಹಸುವಿಗೆ ಚುಚ್ಚುವಾಗ ಅದು ನಿಜವಾಗಿ ದುರ್ಬಲಗೊಂಡಿದೆಯೆಂಬ ಖಾತರಿ ಬೇಕು. ರಾಸುಗಳ ಮೇಲಿನ ಪರೀಕ್ಷೆಯ ಜೊತೆಗೆ ಇಲ್ಲಿ ನೆರವಾಗುವುದೇ ಜಿನೋಮ್ ವಾಚನ. ಈ ವೈರಾಣುವಿನ ವಂಶಲಿಪಿ ನಾಲ್ಕೇ ಬಗೆಯ ಅಕ್ಷರಗಳದು. ಉದ್ದ ಸುಮಾರು 1.5 ಲಕ್ಷ ಅಕ್ಷರಗಳು. ಅದನ್ನು ತುಣುಕುಗಳಾಗಿ ಯಂತ್ರದಿಂದ ಓದಿ, ಗಣಕದ ಸಹಾಯದಿಂದ ಮತ್ತೆ ಜೋಡಿಸುತ್ತಾರೆ. ರಾಂಚಿಯ ಮೂಲವನ್ನೂ ಐವತ್ತನೆಯ ನಕಲನ್ನೂ ತಾಳೆ ನೋಡಿದಾಗ, ಲಿಪಿಯ ತುದಿಯ ಭಾಗದಲ್ಲಿ 801 ಅಕ್ಷರಗಳು ಬಿಟ್ಟುಹೋಗಿದ್ದುದೂ ಬೇರೆಡೆ ಕೆಲವು ವಂಶವಾಹಿಗಳು ಕೆಟ್ಟಿದ್ದುದೂ ಕಂಡುಬಂದವು.

ತಪಾಸಣೆ ತಪ್ಪಿದರೆ ಏನಾದೀತು? ಕಜಾಖ್‌ಸ್ತಾನದಲ್ಲಿ ಬಳಸಿದ್ದ ಒಂದು ಲಸಿಕೆಯನ್ನು ಬೆಲ್ಜಿಯಂನ ವಿಜ್ಞಾನಿಗಳು ಓದಿದಾಗ, ಅದರಲ್ಲಿ ಒಂದಲ್ಲ, ಹಲವು ವೈರಾಣುಗಳು ಬೆರೆತಿದ್ದವು. ಅವುಗಳ ಲಿಪಿಗಳು ಕಲಸಿಕೊಂಡ ಮಿಶ್ರತಳಿಗಳೂ ಇದ್ದವು. ಅಂಥ ಮಿಶ್ರತಳಿಗಳು 2017ರಿಂದ ರಷ್ಯಾದಲ್ಲಿಯೂ ಬಳಿಕ ಚೀನಾ, ವಿಯೆಟ್ನಾಂಗಳಲ್ಲಿಯೂ ರೋಗಪೀಡಿತ ರಾಸುಗಳಲ್ಲಿ ಕಂಡಿದ್ದವು. ಇದು ಲಸಿಕೆಯನ್ನು ತ್ಯಜಿಸಲು ಕಾರಣವಲ್ಲ. ಪ್ರತಿ ತಂಡವನ್ನೂ ಪರೀಕ್ಷಿಸಬೇಕೆಂಬುದಕ್ಕೆ ಕಾರಣ.

ಕನ್ನಡನಾಡಿನ ಪಾಲು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದ ತಂಡವು ಕರ್ನಾಟಕವೂ ಸೇರಿ ನಾಲ್ಕು ರಾಜ್ಯಗಳ ರಾಸುಗಳಿಂದ ಪಡೆದ ವೈರಾಣುಗಳನ್ನು ಓದಿ, 2024ರಲ್ಲಿ ಫಲಿತಾಂಶ ಪ್ರಕಟಿಸಿತು. ದೇಶದಲ್ಲಿ ಎರಡು ಬಗೆಯ ತಳಿಗಳಿದ್ದವು. ಒಂದು ರಾಂಚಿಯದನ್ನು ಹೋಲುತ್ತಿತ್ತು, ಇನ್ನೊಂದು ಬಹಳ ಬದಲಾಗಿತ್ತು. ಲಸಿಕೆ ನಾಳೆಯೂ ಸಾಕಾದೀತೇ ಎಂಬುದನ್ನು ಇಂಥ ನಿಗಾ ಮಾತ್ರ ಹೇಳಬಲ್ಲದು. ರಾಂಚಿ ತಳಿಯಿಂದಲೇ ಸಿದ್ಧವಾದ ಮಾಲೂರಿನ ಬಯೋವೆಟ್ ಸಂಸ್ಥೆಯ ಲಸಿಕೆಗೆ 2025ರ ಫೆಬ್ರವರಿಯಲ್ಲಿ ಪರವಾನಗಿ ದೊರೆಯಿತು. ಲಸಿಕೆ ಪಡೆದ ಹಸುವನ್ನೂ ಸೋಂಕು ತಗಲಿದ ಹಸುವನ್ನೂ ಬೇರ್ಪಡಿಸಿ ಗುರುತಿಸಲು ಅನುವಾಗುವುದು ಇದರ ವಿಶೇಷ.

ನಾವು ಮಾಡಬಹುದಾದುದು

ಊರಿಗೆ ಹೋದಾಗ ಅಥವಾ ಫೋನಿನಲ್ಲಿ ಮಾತನಾಡುವಾಗ ಈ ಮೂರು ಮಾತು ತಿಳಿಸೋಣ. ಆರೋಗ್ಯವಾಗಿರುವಾಗಲೇ ರಾಸುಗಳಿಗೆ ಪಶುವೈದ್ಯರಿಂದ ಲಸಿಕೆ ಹಾಕಿಸಬೇಕು. ಗಂಟು ಕಂಡ ರಾಸನ್ನು ಬೇರೆಡೆ ಕಟ್ಟಿ, ಕೊಟ್ಟಿಗೆಯಲ್ಲಿ ನೊಣ, ಉಣ್ಣೆಗಳನ್ನು ನಿಯಂತ್ರಿಸಿ, ಪಶು ಆಸ್ಪತ್ರೆಗೆ ತಿಳಿಸಬೇಕು. ರಾಸಿಗೆ ವಿಮೆ ಮಾಡಿಸಿ, ಕಿವಿಯೋಲೆಯನ್ನು ಜೋಪಾನವಾಗಿಡಬೇಕು. ಇನ್ನು ನಮ್ಮ ಮನೆಯಲ್ಲಿ, ಎಂದಿನಂತೆ ಹಾಲನ್ನು ಕಾಯಿಸಿ ನಿಶ್ಚಿಂತೆಯಿಂದ ಕುಡಿಯೋಣ.