ಗಜನಿಯ ಕಗ್ಗ

ಕನ್ನಂಬಾಡಿಯ ನಾಲೆಯಿಂದ ಹಸುರಾದ ಗದ್ದೆಗಳನ್ನೇ ಕಂಡ ಮೈಸೂರಿನವರಿಗೆ, ಉಪ್ಪುಮಣ್ಣಿನಲ್ಲಿ ಭತ್ತ ಬೆಳೆಯುವುದೆಂದರೆ ನಂಬಿಕೆ ಬಾರದು. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿಯು ಕಡಲನ್ನು ಸೇರುವೆಡೆ ಇರುವ ಗಜನಿ ಭೂಮಿಯಲ್ಲಿ ಕಗ್ಗವೆಂಬ ಭತ್ತವು ಹಾಗೆ ಬೆಳೆಯುತ್ತದೆ. ಮಳೆನೀರಿನಿಂದ ಮಣ್ಣಿನ ಉಪ್ಪು ತಗ್ಗಿದೊಡನೆ ಬಿತ್ತನೆ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಪೈರು ಸಾಯದು. ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲು ತೆರೆದರೆ ಉಬ್ಬರದ ನೀರಿನೊಡನೆ ಸಿಗಡಿ, ಮೀನುಗಳು ಒಳಬರುತ್ತವೆ. ಕೊಳೆತ ಕೂಳೆಯೇ ಅವುಗಳಿಗೆ ಮೇವು. ಅವನ್ನು ಅರಸಿ ಕೊಕ್ಕರೆಗಳು ಬರುತ್ತವೆ. ಹೊಳೆಯಲ್ಲಿ ಇಳಿತವಾದಾಗ ಹೆಂಗಸರು ಬಳಚು ಆಯುತ್ತಾರೆ.

ಸಿಗಡಿಯ ಬೆಲೆ ಏರಿದಾಗ ಅನೇಕ ಗಜನಿಗಳಲ್ಲಿ ವರ್ಷವಿಡೀ ಉಪ್ಪುನೀರೇ ನಿಂತಿತು. ಕಗ್ಗ ಹಿಂದೆ ಸರಿಯಿತು. 1990ರ ದಶಕದಲ್ಲಿ ಸಿಗಡಿಗೂ ರೋಗ ತಗುಲಿತು. ಅತಿಯಾಸೆಯೆನ್ನೋಣವೆ? ಬಡ ರೈತನನ್ನು ಹಾಗೆ ಜರೆಯುವುದು ಸುಲಭ. 2024ರಲ್ಲಿ ಈ ಅಳಿವೆಯು ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದುದು ಪ್ರಕಟವಾಯಿತು. ಮಾಣಿಕಟ್ಟಾದ ರೈತರು ಕಗ್ಗದ ಬೀಜವನ್ನು ಉಳಿಸಿಕೊಂಡು ಬಂದಿದ್ದಾರೆ.